ಸೋದರಮಾವನಿಗೂ ಬೇಡ ಅನ್ನಬಹುದೇ

ಮೊಮ್ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ ಶಾಲೆಯಿಂದ ಅಪ್ಪ ಅಮ್ಮಂದಿರನ್ನು ಕರೆಸಿದ್ದರು. ಮಗನಿಗೆ ದೇವನಹಳ್ಳಿ ಕಡೆ ಒಂದು ಹೋಟೆಲಿನಲ್ಲಿ ಕರೆಂಟಿನ ಕೆಲಸ, ಅವತ್ತು ಹಗಲು ಪಾಳಿ. ಸೊಸೆಗೆ ಇಲ್ಲೇ ದೊಡ್ಡಬಳ್ಳಾಪುರದಲ್ಲಿ ಒಂದು ಗಾರ್ಮೆಂಟ್ಸಿನಲ್ಲಿ ಹಾಜರಿ ನೋಡಿಕೊಳ್ಳುವ ಕೆಲಸ, ರಜ ಸಿಗಲಿಲ್ಲ. "ಅತ್ತೆ, ನೀವೇ ಹೋಗಿ ಕೂತ್ಕೊಂಡು ಬನ್ನಿ. ಯೂನಿಫಾರಂ ವಿಷ್ಯ ಏನೋ ಇರುತ್ತೆ" ಅಂದಳು. ಹೋಗಿ ಕೂತೆ. ಯೂನಿಫಾರಂ ವಿಷಯ ಅಲ್ಲ. ಮಕ್ಕಳಿಗೆ ಅವರವರ ಮೈ ಬಗ್ಗೆ ಮನೆಯಲ್ಲಿ ಹೇಗೆ ಹೇಳಿಕೊಡಬೇಕು ಅನ್ನುವ ವಿಷಯ.

ಟೀಚರಮ್ಮ ಚಿಕ್ಕ ವಯಸ್ಸಿನವಳು. ಕೈಯಲ್ಲೊಂದು ಬಟ್ಟೆಯ ಗೊಂಬೆ ಹಿಡಿದುಕೊಂಡು, ಇದು ತಲೆ, ಇದು ಕೈ, ಇದು ಹೊಟ್ಟೆ ಎಂದು ತೋರಿಸುತ್ತ ಬಂದಳು. ಹೊಟ್ಟೆಯಿಂದ ಕೆಳಕ್ಕೆ ಇಳಿದ ಕೂಡಲೇ ಶಾಲೆಯ ಹಾಲಿನಲ್ಲಿ ಬಳೆ ಸದ್ದು ಶುರುವಾಯಿತು. ಒಬ್ಬಳು ಸೆರಗು ಸರಿ ಮಾಡಿಕೊಂಡಳು, ಇನ್ನೊಬ್ಬಳು ಪಕ್ಕದವಳ ತೊಡೆ ಚಿವುಟಿದಳು. ಬಾಗಿಲಲ್ಲಿ ನಿಂತಿದ್ದ ಒಬ್ಬ ಗಂಡಸು ರಿಂಗೇ ಆಗದ ಫೋನನ್ನು ಕಿವಿಗೆ ಒತ್ತಿಕೊಂಡು "ಹಲೋ, ಹಲೋ" ಅನ್ನುತ್ತ ಅಂಗಳಕ್ಕೆ ಇಳಿದುಹೋದ. ಇಷ್ಟು ಜನ ಸೇರಿ ಒಂದು ಶಾಲೆ ತುಂಬುವಷ್ಟು ಮಕ್ಕಳನ್ನು ಹೆತ್ತಿದ್ದಾರೆ. ಹೇಗೆ ಹೆತ್ತರೋ ನಾನು ಕಾಣೆ.

ಟೀಚರಮ್ಮ ಬಿಡಲಿಲ್ಲ. ಮಗುವಿಗೆ ತನ್ನ ಮೈಯ ಎಲ್ಲ ಭಾಗಕ್ಕೂ ಹೆಸರು ಗೊತ್ತಿರಬೇಕು, ನೋವು ಗೀವು ಆದರೆ ಇಂಥ ಕಡೆ ಅಂತ ಹೇಳಲು ಬರಬೇಕು ಅಂದಳು. ಕೇಳಿದ್ದಕ್ಕೆ ಸುಳ್ಳು ಹೇಳಬೇಡಿ ಅಂದಳು. ಯಾರಾದರೂ ಮುಟ್ಟುವುದು, ಎತ್ತಿಕೊಳ್ಳುವುದು ಅದಕ್ಕೆ ಇಷ್ಟವಾಗದಿದ್ದರೆ ಬೇಡ ಅನ್ನುವುದನ್ನು ಕಲಿಸಿ, ಅದು ಬೇಡ ಅಂದಾಗ ಮನೆಯವರು ಅದರ ಮಾತು ನಡೆಸಿ ಅಂದಳು. ಯಾರಿಗಾದರೂ ಏನಾದರೂ ಕೇಳುವುದಿದೆಯಾ ಅಂದರೆ ಎಲ್ಲರೂ ನೆಲ ನೋಡುತ್ತಿದ್ದರು. ನಾನು ಎದ್ದೆ.

"ಟೀಚರಮ್ಮ, ನಂಗೆ ಗೊತ್ತಿರೋ ಹೆಸ್ರೆಲ್ಲ ನಲ್ಲಿ ಹತ್ರ ಜಗಳಕ್ಕೆ ಆಗೋ ಹೆಸ್ರು. ಮಗೂಗೆ ಹೇಳೋ ಅಂಥದ್ದು ಯಾವ್ದು?"

ಹಾಲಿಗೆ ಹಾಲೇ ನಕ್ಕಿತು. ಅವಳು ನಗಲಿಲ್ಲ. "ಡಾಕ್ಟರ್ ಮುಂದೆ ನಿಂತು ಹೇಳೋಕೆ ನಾಚಿಕೆ ಆಗದ ಹೆಸ್ರು ಯಾವ್ದಾದ್ರೂ ಆಗುತ್ತೆ ಅಜ್ಜಿ. ಆದ್ರೆ ಮೊದ್ಲು ಅವರಪ್ಪ ಅಮ್ಮ ಹೇಳ್ಬೇಕು. ನೀವು ಅವರನ್ನ ಕೂರಿಸಿ, ಸಾಕು."

ಹಸುವನ್ನು ಕೂರಿಸಬಹುದು, ಕರುವನ್ನು ಕೂರಿಸಬಹುದು. ಇವರಿಬ್ಬರನ್ನು ಕೂರಿಸುವುದು ಅಂದರೆ ಏನು ಅಂತ ಆ ಹುಡುಗಿಗೆ ಗೊತ್ತಿರಲಿಲ್ಲ.

ಮೊದಲ ದಿನ ಮಗನ ಹತ್ತಿರ ಎತ್ತಿದೆ. "ಅಮ್ಮಾ, ಊಟ ಮಾಡ್ತಾ ಇದೀನಿ" ಅಂದ. ಊಟ ಆದ ಮೇಲೆ ಎತ್ತಿದೆ. "ಅದೆಲ್ಲ ಹೆಂಗಸ್ರ ಡಿಪಾರ್ಟ್‌ಮೆಂಟು" ಅಂದ. ಸೊಸೆಯನ್ನು ಕೇಳಿದರೆ, "ಇನ್ನೂ ಹಾಲು ಹಲ್ಲು ಬಿದ್ದಿಲ್ಲ ಅತ್ತೆ, ಈಗ್ಲೇ ಯಾಕೆ? ದೊಡ್ಡೋಳಾದ್ಮೇಲೆ ತಾನೇ ತಿಳ್ಕೋತಾಳೆ" ಅಂದಳು. ಯಾರಿಂದ ತಿಳ್ಕೋತಾಳೆ ಅಂತ ಕೇಳಿದೆ. ಫೋನಿನಿಂದಲೇ? ಬೀದಿ ಕೊನೆಯ ಪೋಲಿ ಹುಡುಗರಿಂದಲೇ? ಕುಕ್ಕರ್ ಕೂಗಿತು ಅಂತ ಒಳಗೆ ಹೋದಳು. ಕುಕ್ಕರ್ ಇನ್ನೂ ಒಲೆ ಮೇಲೇ ಇಟ್ಟಿರಲಿಲ್ಲ.

ನಮ್ಮದು ಮಗ್ಗದ ಬೀದಿ. ಎಡಕ್ಕೂ ಬಲಕ್ಕೂ ಪವರ್‌ಲೂಮ್. ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲೂ ಎರಡು ಮಗ್ಗ ಇವೆ, ಬಾಡಿಗೆಗೆ ಬಿಟ್ಟಿದ್ದೇವೆ. ಹುಟ್ಟಿದಾಗಿನಿಂದ ಆ ಸದ್ದಿನಲ್ಲಿ ಬದುಕಿದವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಉಪ್ಪು ಕೇಳುವುದಾದರೂ ಕಿರುಚಿಯೇ ಕೇಳುವುದು. ಒಂದು ಮಧ್ಯಾಹ್ನ ಸೊಸೆ ಮಗಳಿಗೆ ಬಟ್ಟೆ ಹಾಕುತ್ತಿದ್ದಾಗ ಇದೇ ಸಮಯ ಅಂತ ಅಡುಗೆಮನೆಯಿಂದಲೇ ಕೂಗಿ ಹೇಳಿದೆ, "ಅದಕ್ಕೂ ಒಂದು ಹೆಸ್ರು ಹೇಳ್ಕೊಡೇ, ಶೇಮ್ ಶೇಮ್ ಅನ್ಬೇಡ!" ಅಂತ. ಮಗ್ಗದ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. "ಯಾವುದಕ್ಕೆ ಅತ್ತೇ?" ಅಂದಳು. ಯಾವುದಕ್ಕೆ ಅಂತ ನಾನು ನನಗೆ ಗೊತ್ತಿದ್ದ ಜಗಳದ ಹೆಸರನ್ನೇ ಎದೆ ತುಂಬ ಉಸಿರು ತೆಗೆದುಕೊಂಡು ಕೂಗುವುದಕ್ಕೂ, ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುವುದಕ್ಕೂ ಸರಿಹೋಯಿತು.

ಆ ಹೆಸರು ಬೀದಿ ಈ ತುದಿಯಿಂದ ಆ ತುದಿಗೆ ಹೋಯಿತು. ಎದುರು ಮನೆಯವಳು ಕಿಟಕಿಯಿಂದ ಇಣುಕಿ, "ಯಾರನ್ನಮ್ಮಾ ಬೈತಾ ಇದೀರಿ?" ಅಂದಳು.

"ಯಾರನ್ನೂ ಬೈತಾ ಇಲ್ಲ, ಪಾಠ ಹೇಳ್ತಾ ಇದೀನಿ" ಅಂದೆ.

ಸೊಸೆ ಮುಖ ಮುಚ್ಚಿಕೊಂಡು ಅರ್ಧ ಅಳುತ್ತ ಅರ್ಧ ನಗುತ್ತ ಮಂಚದ ಮೇಲೆ ಕುಸಿದಳು. ಆದರೆ ಆ ಅವಮಾನದಿಂದ ಒಂದು ಉಪಯೋಗ ಆಯಿತು. ಇನ್ನು ಸುಮ್ಮನಿದ್ದರೆ ಅತ್ತೆಯೇ ಹೇಳಿಕೊಡುತ್ತಾಳೆ, ಅದೂ ಇಂಥ ಭಾಷೆಯಲ್ಲಿ, ಅನ್ನುವ ಭಯಕ್ಕೆ ಅವಳೇ ಕೆಲಸ ಕೈಗೆ ತೆಗೆದುಕೊಂಡಳು. ಡಾಕ್ಟರ ಬಾಯಲ್ಲಿ ಬರುವ ಹೆಸರುಗಳನ್ನೇ ಹೇಳಿಕೊಟ್ಟಳು. ಮಗು ಕೈ, ಕಾಲು, ಮೂಗು ಕಲಿತ ಹಾಗೇ ಅವನ್ನೂ ಕಲಿತು ಆಟಕ್ಕೆ ಹೋಯಿತು. ನಾಚಿಕೆ ಎಲ್ಲ ದೊಡ್ಡವರದು.

ಆಮೇಲಿನದು ಇನ್ನೊಂದು ಪ್ರಶ್ನೆ. ಪಕ್ಕದ ಮನೆಯ ಬಸುರಿಯನ್ನು ನೋಡಿ, ಆ ಪಾಪು ಒಳಗೆ ಹೇಗೆ ಹೋಯಿತು, ಹೊರಗೆ ಹೇಗೆ ಬರುತ್ತೆ ಅಂತ ಕೇಳಿತು. ಮಗ "ದೇವ್ರು ಕೊಡ್ತಾನೆ" ಅಂದ. ಸೊಸೆ "ಆಸ್ಪತ್ರೇಲಿ ಕೊಡ್ತಾರೆ" ಅಂದಳು. ಇಬ್ಬರೂ ಒಂದೇ ಸಲ ಹೇಳಿದ್ದರಿಂದ ಮಗು ಇಬ್ಬರ ಮುಖವನ್ನೂ ನೋಡಿತು. ಆಮೇಲೆ ನನ್ನ ಹತ್ತಿರ ಬಂದು, "ಮಧುರೆ ಅಜ್ಜಿ ಮನೇಲಿ ಮೇಕೆ ಮರಿ ಹಾಕ್ತಲ್ಲ, ಹಂಗೆ ತಾನೆ?" ಅಂತ ಕೇಳಿತು. ಮಧುರೆ ಇಲ್ಲೇ ಹತ್ತಿರದ ಊರು, ಸೊಸೆಯ ತವರು.

"ಹೂಂ, ಹಂಗೇನೇ" ಅಂದೆ.

"ಮೇಕೆ ಥರಾ ನೀನೂ ಕಿರುಚಿದ್ಯಾ?"

"ಮೇಕೆಗಿಂತ ಜಾಸ್ತಿ ಕಿರುಚ್ದೆ. ನಿಮ್ಮಪ್ಪನ ತಲೆ ದೊಡ್ಡದು."

ಮಗು ಅಪ್ಪನ ತಲೆ ನೋಡಿ ತೃಪ್ತಿಯಿಂದ ಹೋಯಿತು. ಒಳಗೆ ಹೇಗೆ ಹೋಯಿತು ಅನ್ನುವ ಪ್ರಶ್ನೆಯನ್ನು ಮರೆತೇಬಿಟ್ಟಿತು. ಮತ್ತೆ ಕೇಳಿದಾಗ ಹೇಳಿದರಾಯಿತು, ಕೇಳದ್ದನ್ನು ತುರುಕಬೇಕಿಲ್ಲ. ಮಗ ಮಾತ್ರ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಆದರೂ ಇಷ್ಟೆಲ್ಲ ಆದ ಮೇಲೆ ಅವನಿಗೂ ಸ್ವಲ್ಪ ಉತ್ಸಾಹ ಬಂತು. ಬೇಡ ಅನ್ನುವುದನ್ನು ಕಲಿಸುವ ಭಾಗ ಅವನದು. ತಲೆಗೆ ಟವೆಲ್ ಸುತ್ತಿಕೊಂಡು, ನನ್ನ ಕಾಡಿಗೆಯಿಂದ ಮೀಸೆ ಬರೆದುಕೊಂಡು, ಬಾಗಿಲ ಹಿಂದಿನಿಂದ ಬಂದು, "ಪಾಪು, ಚಾಕ್ಲೇಟ್ ಕೊಡ್ತೀನಿ, ನನ್ ತೊಡೆ ಮೇಲೆ ಬಾ" ಅನ್ನುತ್ತಿದ್ದ. ಮಗು ಎರಡು ಕೈಯನ್ನೂ ಮುಂದಕ್ಕೆ ಚಾಚಿ, "ಬೇಡ! ನನ್ನ ಮುಟ್ಬೇಡ!" ಅಂತ ಮಗ್ಗದ ಮನೆ ಗಂಟಲಿನಲ್ಲಿ ಕೂಗಿ, ಓಡಿ ಹೋಗಿ ಅಮ್ಮನಿಗೆ ಹೇಳುತ್ತಿತ್ತು. ಇಬ್ಬರೂ ಚಪ್ಪಾಳೆ ತಟ್ಟುತ್ತಿದ್ದರು. ವಿಡಿಯೋ ತೆಗೆದು ಕಂಡವರಿಗೆಲ್ಲ ಕಳಿಸಿದ್ದೂ ಆಯಿತು.

ನಾನು ಒಂದು ಮಾತು ಹೇಳಿದೆ. "ಲೋ, ಮೀಸೆ ಬರ್ಕೊಂಡು ಟವಲ್ ಸುತ್ಕೊಂಡು ಯಾವನೋ ಬರೋದು? ಗೊತ್ತಿಲ್ದೋನು ನಮ್ಮನೆ ಒಳಕ್ಕೆ ಯಾಕ್ ಬರ್ತಾನೆ? ಗೊತ್ತಿರೋರ ವೇಷಾನೂ ಒಂದ್ಸಲ ಹಾಕು."

"ಗೊತ್ತಿರೋರ್ಗೆ ಯಾಕಮ್ಮ ಬೇಡ ಅನ್ಬೇಕು?" ಅಂದ. ದೊಡ್ಡ ತಲೆ, ಒಳಗೆ ಅಷ್ಟೇ ಜಾಗ.

ಈಗ ಸೊಸೆಯ ತಮ್ಮನ ವಿಷಯ ಹೇಳಬೇಕು. ಮಧುರೆಯ ಹುಡುಗ, ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾನೆ, ಮದುವೆ ಆಗಿಲ್ಲ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಎಲ್ಲರೂ ನನ್ನನ್ನು ಕೇಳಿದ್ದು ಅದನ್ನೇ. ಅಕ್ಕನ ಮನೆ ಅಂದರೆ ಪ್ರಾಣ. ಈ ಕಡೆ ಬಾಡಿಗೆ ಬಂದಾಗಲೆಲ್ಲ ಏನಾದರೂ ತಂದು ಕೊಟ್ಟು ಹೋಗುತ್ತಾನೆ. ಸೊಸೆಗೆ ಅಪ್ಪ ಇಲ್ಲ. ತವರು ಅಂದರೆ ತಾಯಿ ಮತ್ತು ಇವನು, ಅಷ್ಟೇ.

ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಹಿಂದೆ ಇತ್ತು. ನನ್ನನ್ನೂ ಸೋದರಮಾವನಿಗೇ ಕೊಟ್ಟಿದ್ದು. ಈಗ ಡಾಕ್ಟರು ಬೇಡ ಅನ್ನುತ್ತಾರೆ, ಹುಡುಗಿಯರು ಒಪ್ಪುವುದಿಲ್ಲ, ಕೊಡುವುದು ಹೆಚ್ಚುಕಡಿಮೆ ನಿಂತಿದೆ. ಆದರೆ ತಮಾಷೆ ನಿಂತಿಲ್ಲ. ಮೊಮ್ಮಗಳು ತೊಟ್ಟಿಲಲ್ಲಿದ್ದಾಗಲೇ, "ನೋಡೇ, ನಿನ್ ಗಂಡ ಬಂದ" ಅಂತ ಅವನನ್ನು ತೋರಿಸುತ್ತಿದ್ದರು. ಅವನೂ ಬಂದ ಕೂಡಲೇ "ಎಲ್ಲೇ ನನ್ ಹೆಂಡ್ತಿ?" ಅಂತಲೇ ಒಳಗೆ ಬರುವುದು. ಮಗುವನ್ನು ಎಳೆದು ತೊಡೆ ಮೇಲೆ ಕೂರಿಸಿಕೊಂಡು, ಗಡ್ಡ ಕೆನ್ನೆಗೆ ಉಜ್ಜಿ, "ಮುತ್ತು ಕೊಟ್ರೆ ಬಿಡ್ತೀನಿ" ಅನ್ನುವುದು. ಮಗು ಒದ್ದಾಡುತ್ತದೆ, ಕೂತವರು ನಗುತ್ತಾರೆ. ನನಗೂ ಹಾಗೇ ಮಾಡುತ್ತಿದ್ದರು. ನನ್ನ ಮಾವ ನಮ್ಮ ಮನೆ ಕಡೆ ಬರುವುದು ಕಂಡರೆ ನಾನು ದನದ ಕೊಟ್ಟಿಗೆಗೆ ಓಡುತ್ತಿದ್ದೆ. ಎಳೆದು ತರುತ್ತಿದ್ದರು. ಆಮೇಲೆ ಅವರ ಜೊತೆ ನಲವತ್ತು ವರ್ಷ ಬಾಳಿದೆ, ಒಳ್ಳೆಯ ಮನುಷ್ಯ. ಆದರೂ ಆ ಕೊಟ್ಟಿಗೆ ನೆನಪಿದೆ.

ಯುಗಾದಿಯ ಮಾರನೇ ದಿನ ಹೊಸತೊಡಕು. ನಮ್ಮಲ್ಲಿ ಆ ದಿನ ಬಾಡೂಟ. ಬೀಗರ ಮನೆಯಿಂದ ಕರೆ ಬಂದಿತ್ತು, ಎಲ್ಲರೂ ಮಧುರೆಗೆ ಹೋದೆವು. ಪಡಸಾಲೆ ತುಂಬ ನೆಂಟರು, ಒಲೆ ಮೇಲೆ ಮಟನ್ ಸಾರು, ಮುದ್ದೆ ತಿರುವುವ ಸದ್ದು. ಹುಡುಗ ಹೊಸ ಶರ್ಟು ಹಾಕಿಕೊಂಡು ಮಧ್ಯದಲ್ಲಿ ಕುಳಿತಿದ್ದ. ನಾವು ಹೊಸಿಲು ದಾಟುವ ಮೊದಲೇ ಕೈ ಚಾಚಿದ.

"ಬಂದ್ಲಪ್ಪ ನನ್ ಹೆಂಡ್ತಿ! ಬಾರೇ ಇಲ್ಲಿ, ಹಬ್ಬದ ಮುತ್ತು ಕೊಡು."

ಮಗು ನಿಂತಲ್ಲೇ ನಿಂತಿತು. ಎರಡು ಕೈ ಮುಂದಕ್ಕೆ ಚಾಚಿತು. "ಬೇಡ! ನನ್ನ ಮುಟ್ಬೇಡ!" ಅಂತ ಕೂಗಿತು. ಮಗ್ಗದ ಮನೆ ಗಂಟಲು, ಅಡುಗೆಮನೆಯವರೂ ಸೌಟು ಹಿಡಿದು ಹೊರಗೆ ಬಂದರು. ಮಗು ಕಲಿಸಿದ ಹಾಗೇ ಓಡಿ ಅಮ್ಮನ ಹತ್ತಿರ ಹೋಗಿ, "ಅಮ್ಮ, ಮಾವ ಎಳೀತಾನೆ, ನಂಗೆ ಇಷ್ಟ ಇಲ್ಲ" ಅಂದಿತು. ಒಂದು ಅಕ್ಷರ ತಪ್ಪಿಲ್ಲ.

ಮೊದಲು ಎಲ್ಲರೂ ನಕ್ಕರು. "ಲೋ, ನಿನ್ ಹೆಂಡ್ತಿ ಡೈವೋರ್ಸ್ ಕೊಟ್ಲಲ್ಲೋ" ಅಂದ ಒಬ್ಬ. ಹುಡುಗನ ಮುಖ ಕೆಂಪಾಯಿತು. ಅವನು ನಗಲಿಲ್ಲ, ಅದನ್ನು ನೋಡಿ ಉಳಿದವರ ನಗುವೂ ನಿಂತಿತು. ಬೀಗಿತ್ತಿ ಕೈ ಒರೆಸಿಕೊಳ್ಳುತ್ತ ಮುಂದೆ ಬಂದು ಮಗಳನ್ನು ಕೇಳಿದಳು, "ಏನೇ ಇದು? ಸ್ವಂತ ಮಾವಂಗೆ ಮುಟ್ಬೇಡ ಅಂತ ಹೇಳ್ಕೊಟ್ಟಿದೀಯಾ? ನನ್ ಮಗ ಏನ್ ಕಳ್ಳನಾ, ಪೋಲಿನಾ?"

ಸೊಸೆ ಸುತ್ತ ನೋಡಿದಳು. ನೆಂಟರೆಲ್ಲ ಅವಳನ್ನೇ ನೋಡುತ್ತಿದ್ದರು. ಮಗಳ ರಟ್ಟೆ ಹಿಡಿದಳು. "ಹಂಗೆಲ್ಲ ಅನ್ಬಾರ್ದು. ಮಾವಂಗೆ ಸಾರಿ ಹೇಳು. ಹೋಗು, ಮುತ್ತು ಕೊಡು."

"ಬೇಡ ಅಂತಿದ್ಯಲ್ಲೇ ಮಗು, ಬಿಡೇ" ಅಂದೆ ನಾನು.

"ನೀವು ಸುಮ್ನಿರಿ ಅತ್ತೆ!" ಅಂದಳು. ಮದುವೆಯಾಗಿ ಬಂದಾಗಿನಿಂದ ನನ್ನ ಮೇಲೆ ಆ ದನಿ ಎತ್ತಿರಲಿಲ್ಲ. ನನ್ನ ಮಗ ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಿದ್ದ.

ಮಗು ಅಮ್ಮನ ಮುಖ ನೋಡಿತು. ಅಮ್ಮ ಮತ್ತೆ ತಳ್ಳಿದಳು. ಹೋಯಿತು, ಸಾರಿ ಅಂದಿತು, ಮಾವನ ಕೆನ್ನೆಗೆ ಬಾಯಿ ತಾಗಿಸಿತು, ತಿರುಗಿ ಬಂದು ಮೂಲೆಯಲ್ಲಿ ಕೂತಿತು. "ಈಗ ಜಾಣೆ" ಅಂದರು ಎಲ್ಲರೂ. ಊಟಕ್ಕೆ ಎಲೆ ಹಾಕಿದರು. ಸಾರು ಚೆನ್ನಾಗಿತ್ತು. ನಾನು ಉಂಡೆ, ಬೀಗರ ಮನೆಯಲ್ಲಿ ಎಲೆ ಬಿಟ್ಟು ಏಳುವ ವಯಸ್ಸು ನನ್ನದಲ್ಲ. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಇಬ್ಬರಿಗೂ ಒಂದು ಮಾತು ಹೇಳಿದೆ: "ಕಲಿಸೋದು ಬೇಡ ಅಂತಿದ್ರೆ ಮೊದ್ಲೇ ಹೇಳ್ಬೇಕಿತ್ತು. ಕಲಿಸಿ, ಕಲ್ತಿದ್ದಕ್ಕೆ ತಪ್ಪಾಯ್ತು ಅನ್ನಿಸೋದು ಯಾವ ಊರ ನ್ಯಾಯ?" ಇಬ್ಬರೂ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಹೊರಗೆ ಕತ್ತಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಆ ವಾರದ ಕೊನೆಗೆ ಮಗ ಮನೆಯ ಗಾಳಿ ತಿಳಿ ಮಾಡಲು ಹಳೆಯ ಆಟ ಶುರು ಮಾಡಿದ. ಟವೆಲ್ ಸುತ್ತಿದ, ಮೀಸೆ ಬರೆದ. "ಪಾಪು, ಚಾಕ್ಲೇಟ್ ಕೊಡ್ತೀನಿ, ಬಾ ತೊಡೆ ಮೇಲೆ." ಸೊಸೆ ಫೋನು ಹಿಡಿದು ವಿಡಿಯೋಗೆ ರೆಡಿ ಇದ್ದಳು. ಮಗು ಆಡುತ್ತಿದ್ದ ಸಾಮಾನು ಕೆಳಗಿಟ್ಟಿತು. ನಡೆದು ಬಂದು ಅವನ ತೊಡೆ ಮೇಲೆ ಕೂತಿತು. ಕೆನ್ನೆ ಮುಂದಕ್ಕೆ ಕೊಟ್ಟಿತು.

"ಅಯ್ಯೋ, ಹಂಗಲ್ಲ ಕಣಮ್ಮ! ಬೇಡ ಅನ್ಬೇಕು!"

"ಅಂದ್ರೆ ಅಮ್ಮ ಬೈತಾಳೆ" ಅಂದಿತು ಮಗು. ದೂರು ಹೇಳಿದ ಹಾಗೆ ಅಲ್ಲ, ಮಳೆ ಬರುತ್ತಿದೆ ಅಂದ ಹಾಗೆ.

ಮಗ ಟವೆಲ್ ಬಿಚ್ಚಿದ. ಸೊಸೆ ಫೋನು ಕೆಳಗಿಳಿಸಿದಳು. ನನಗೆ ಬಂದ ಸಿಟ್ಟಿಗೆ ಬಾಯಿಗೆ ಬಂದಿದ್ದೆಲ್ಲ ಅಂದೆ. "ನೋಡಿದ್ರಾ ನಿಮ್ ಪಾಠ? ಈಗ ನಿಜವಾದ ಕಳ್ಳ ಬಂದ್ರೆ ಮಗಳು ಕೆನ್ನೆ ಕೊಡ್ತಾಳೆ. ನೀವೇ ಕಲಿಸಿದ್ದು. ಇದಕ್ಕಿಂತ ಏನೂ ಹೇಳದೆ ಇದ್ದಿದ್ರೇ ವಾಸಿ ಇತ್ತು, ಅದಕ್ಕೆ ಹುಟ್ಟಿನಿಂದ ಬಂದ ಬುದ್ಧಿನಾದ್ರೂ ಇತ್ತು."

ಸೊಸೆ ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಅತ್ತು ಮುಗಿದ ಮೇಲೆ, "ನಂಗಿರೋದು ಒಬ್ನೇ ತಮ್ಮ ಅತ್ತೆ. ಅವ್ನಿಗೆ ಹೆಂಗ್ ಹೇಳ್ಲಿ? ಅಮ್ಮ ಬಾಗ್ಲು ಮುಚ್ತಾಳೆ" ಅಂದಳು.

"ನಾನು ಹೇಳ್ಲಾ?"

"ನೀವಾ? ಬೇಡಪ್ಪಾ ಬೇಡ" ಅಂದಳು ಗಾಬರಿಯಾಗಿ. ಕರೆಂಟು ಹೋದ ದಿನ ನೆನಪಾಗಿರಬೇಕು.

ನಿಜ ಹೇಳಿದರೆ ನಾನು ಹೇಳಿದರೆ ಉಪಯೋಗವೂ ಇರಲಿಲ್ಲ. ಮಗುವಿನ ಬಾಯಿ ಮುಚ್ಚಿಸಿದವಳು ಅವಳು, ಬಿಚ್ಚಿಸಬೇಕಾದವಳೂ ಅವಳೇ. ಮಗನಿಗೆ ಹೇಳು ಅಂದರೆ, "ಭಾವಮೈದ ಬೇಜಾರ್ ಮಾಡ್ಕೋತಾನೆ" ಅಂದ. ಭಾವಮೈದನ ಬೇಜಾರನ್ನು ಕಾಯುವುದಕ್ಕೆ ಆರು ವರ್ಷದ ಮಗುವನ್ನು ನಿಲ್ಲಿಸಿದ್ದರು, ಇಬ್ಬರು ಸಂಬಳ ತರುವ ದೊಡ್ಡವರು.

ಹಲಸಿನ ಕಾಲಕ್ಕೆ ಹುಡುಗ ಒಂದು ದೊಡ್ಡ ಹಣ್ಣು ಹೊತ್ತುಕೊಂಡು ಬಂದ. ಸೊಸೆ ಕೈಗೆ, ಚಾಕುವಿಗೆ ಎಣ್ಣೆ ಹಚ್ಚಿಕೊಂಡು ಪಡಸಾಲೆಯಲ್ಲಿ ಹಣ್ಣು ಕೊಯ್ಯಲು ಕೂತಳು. ಅವನು ಚಾಪೆ ಮೇಲೆ ಕಾಲು ಚಾಚಿ ಕೂತ. "ಎಲ್ಲೇ ನನ್ ಹೆಂಡ್ತಿ?" ಅಂದ. ಒಳಗಿದ್ದ ಮಗು ತಾನಾಗಿಯೇ ಬಂದು, ಅವನ ಮುಂದೆ ನಿಂತು, ಕೆನ್ನೆ ಕೊಟ್ಟಿತು. ಮುಖ ಬೇರೆ ಕಡೆಗಿತ್ತು.

"ನೋಡಕ್ಕ, ಈಗ ಹೇಳ್ದಂಗೆ ಕೇಳ್ತಾಳೆ!" ಅಂದ ಅವನು, ಸಂತೋಷವಾಗಿ.

ಸೊಸೆಯ ಚಾಕು ನಿಂತಿತು. "ಬಿಡೋ ಅವ್ಳನ್ನ" ಅಂದಳು.

"ಯಾಕಕ್ಕ?"

"ಬಿಡು ಅಂದೆ. ಹೆಂಡ್ತಿ ಗಿಂಡ್ತಿ ಅನ್ಬೇಡ. ಎಳೀಬೇಡ, ಮುತ್ತು ಕೇಳ್ಬೇಡ. ಅವ್ಳಾಗೆ ಬಂದ್ರೆ ಬರ್ಲಿ, ಇಲ್ದಿದ್ರೆ ಬೇಡ."

ಅವನು ಮೊದಲು ನಕ್ಕ. ಆಮೇಲೆ ನನ್ನ ಕಡೆ ನೋಡಿದ. "ಇದೆಲ್ಲ ಅತ್ತೆ ಹೇಳ್ಕೊಟ್ಟಿದ್ದಾ?"

"ನಾನು ಹೇಳ್ಕೊಟ್ಟಿದ್ರೆ ಇಷ್ಟು ಮರ್ಯಾದೆಯಾಗಿ ಇರ್ತಿರ್ಲಿಲ್ಲ ಕಣಪ್ಪ" ಅಂದೆ.

"ನಾನೇ ಹೇಳ್ತಿರೋದು" ಅಂದಳು ಸೊಸೆ. ಕೈಗೆಲ್ಲ ಹಲಸಿನ ಮೇಣ ಅಂಟಿತ್ತು, ಕಣ್ಣೀರು ಒರೆಸಿಕೊಳ್ಳಲೂ ಆಗದೆ ಹಾಗೇ ಕೂತಿದ್ದಳು. "ಅವ್ಳು ಹೊಸತೊಡಕಿನ ದಿನ ಬೇಡ ಅಂದ್ಲಲ್ಲ, ಅದನ್ನ ನಾನೇ ಕಲಿಸಿದ್ದು. ಅವ್ಳು ಸರಿಯಾಗೇ ಮಾಡಿದ್ಲು. ನಾನು ನಿನ್ ಮುಖ ನೋಡ್ಕೊಂಡು ಅವ್ಳನ್ನ ಬೈದೆ." ಮಗಳ ಕಡೆ ತಿರುಗಿದಳು. "ಕೇಳಿಸ್ತಾ? ಅವತ್ತು ನೀನು ತಪ್ಪು ಮಾಡ್ಲಿಲ್ಲ. ತಪ್ಪು ನಂದು. ಯಾರಿಗಾದ್ರೂ ಬೇಡ ಅನ್ಬಹುದು. ಮಾವಂಗೂ ಅನ್ಬಹುದು."

"ಅಜ್ಜಿಗೂ?" ಅಂದಿತು ಮಗು.

"ಅಜ್ಜಿಗೂ."

ಈ ಹೊತ್ತಿಗೆ ನನ್ನನ್ನು ಯಾಕೆ ಎಳೆಯಬೇಕಿತ್ತೋ ಗೊತ್ತಿಲ್ಲ.

ಹುಡುಗ ಎದ್ದು ನಿಂತ. "ಎತ್ತಿ ಆಡಿಸ್ದೋನು ನಾನು. ನನ್ನೇ ಕಳ್ಳನ ಥರಾ ನೋಡ್ತೀಯಲ್ಲಕ್ಕ" ಅಂದ. ಒಂದು ತೊಳೆಯನ್ನೂ ತಿನ್ನದೆ ಕಾರು ಹತ್ತಿ ಹೋದ. ಸೊಸೆ ಎಣ್ಣೆಗೈಯಲ್ಲೇ ಬಾಗಿಲ ತನಕ ಹೋಗಿ ನಿಂತಳು, ಕೂಗಲಿಲ್ಲ. ಆ ಹಣ್ಣನ್ನು ಬೀದಿಗೆಲ್ಲ ಹಂಚಿದೆವು. ನಮ್ಮ ಮನೆಯಲ್ಲಿ ನಾನು, ಮಗು ಇಬ್ಬರೇ ತಿಂದದ್ದು.

ಗೌರಿ ಹಬ್ಬಕ್ಕೆ ಅವನು ಬರಲಿಲ್ಲ. ಬಾಗಿನವನ್ನು ಬೀಗಿತ್ತಿ ತಂದು ಕೊಟ್ಟು, ಕಾಫಿಗೂ ಕೂರದೆ ಬಸ್ಸಿಗೆ ಹೊರಟಳು. ಸೊಸೆ ಆ ಮೊರವನ್ನು ದೇವರ ಮುಂದೆ ಇಟ್ಟಳು. ಮಗು ಮಾತ್ರ ಈ ನಡುವೆ ಎಲ್ಲದಕ್ಕೂ ಬೇಡ ಅನ್ನಲು ಶುರು ಮಾಡಿತ್ತು. ತಲೆ ಬಾಚುವುದು ಬೇಡ, ಹಾಲು ಬೇಡ, ಪಕ್ಕದ ಮನೆಯವಳು ಕೆನ್ನೆ ಹಿಂಡುವುದು ಬೇಡ. ಯಾವುದನ್ನು ಕೇಳಬೇಕು, ಯಾವುದನ್ನು ಕೇಳಬಾರದು ಅಂತ ದಿನಾ ಪಂಚಾಯಿತಿ. ಹಾಲಿನ ಪಂಚಾಯಿತಿಯಲ್ಲಿ ನಾನು ಸೋಲಲಿಲ್ಲ, ಕೆನ್ನೆಯದರಲ್ಲಿ ಮಗು ಸೋಲಲಿಲ್ಲ.

ದಸರಾ ರಜ ಮುಗಿದು ಶಾಲೆ ಶುರುವಾದ ಮೇಲೆ ಒಂದು ಸಂಜೆ ಶಾಲೆಯ ಆಟೋ ಬರುವ ಹೊತ್ತಿಗೆ ಮಗು ಒಂದೇ ನಡೆದುಕೊಂಡು ಬಂತು. ಬೆನ್ನಿಗೆ ಬ್ಯಾಗು, ಮುಖ ಎಲ್ಲ ಬೆವರು. ಬಸ್‌ಸ್ಟ್ಯಾಂಡ್ ರಸ್ತೆ ದಾಟಿ ಬಂದಿತ್ತು. ಮನೆಯಲ್ಲಿದ್ದ ನನ್ನ ಮಗ ನೋಡಿದವನೇ, "ಒಬ್ಳೇ ಬಂದ್ಯಾ? ಲಾರಿ ಗೀರಿ ಬಂದಿದ್ರೆ ಏನೇ ಗತಿ!" ಅಂತ ಕೈ ಎತ್ತಿದ. ಆಗ ತಾನೇ ಕೆಲಸದಿಂದ ಬಂದ ಸೊಸೆ ಚಪ್ಪಲಿ ಸಮೇತ ಮಧ್ಯೆ ಬಂದಳು. "ರೀ, ಮೊದ್ಲು ಕೇಳಿ" ಅಂದಳು. ಮಗಳ ಮುಂದೆ ನೆಲದ ಮೇಲೆ ಕೂತಳು. "ಯಾಕಮ್ಮ ಇಳಿದ್ಬಿಟ್ಟೆ?"

"ಆಟೋ ಅಂಕಲ್ ಮುಂದೆ ತೊಡೆ ಮೇಲೆ ಕೂರಿಸ್ಕೋತಾರೆ. ದಿನಾ. ಜಾಗ ಇಲ್ಲ ಅಂತ. ಇವತ್ತು ಬೇಡ ಅಂದೆ. ನಗ್ತಾರೆ. ಮತ್ತೂ ಬೇಡ ಅಂದೆ. ಎಳೆದ್ರು. ಸಿಗ್ನಲ್ ಹತ್ರ ನಿಲ್ಸಿದಾಗ ಇಳಿದ್ಬಿಟ್ಟೆ."

"ಆಮೇಲೆ?"

ಮಗು ಎಲ್ಲ ಹೇಳಿತು. ಸೊಸೆ ಮಧ್ಯದಲ್ಲಿ ಬಾಯಿ ಹಾಕಲಿಲ್ಲ, ಅಯ್ಯೋ ಅನ್ನಲಿಲ್ಲ. ಕೊನೆಗೆ, "ಬೇಡ ಅಂದಿದ್ದು ಸರಿ. ಬಂದು ಹೇಳಿದ್ದೂ ಸರಿ. ರೋಡ್ ಒಬ್ಳೇ ದಾಟ್ಬೇಡ, ಇನ್ಮೇಲೆ ಟೀಚರ್ ಹತ್ರ ಓಡು" ಅಂದಳು. ನನ್ನ ಮಗ ಎತ್ತಿದ ಕೈಯನ್ನು ಎಲ್ಲಿ ಇಡುವುದು ಅಂತ ತಿಳಿಯದೆ ತಲೆ ಮೇಲೆ ಇಟ್ಟುಕೊಂಡ. ಆ ಸಂಜೆಯೇ ಶಾಲೆಗೆ ಹೋಗಿ ಹೇಳಿ ಬಂದ, ಆಟೋ ಬಿಡಿಸಿದ. ಆಟೋದವನು ಕೆಟ್ಟವನೋ, ನಿಜವಾಗಿ ಜಾಗವೇ ಇರಲಿಲ್ಲವೋ, ಶಾಲೆಯವರು ವಿಚಾರಿಸುತ್ತಾರೆ ಅಂದರು. ವಿಚಾರಿಸಲಿ.

ಮಾರನೇ ದಿನ ಬೆಳಿಗ್ಗೆ ಬಾಗಿಲ ಮುಂದೆ ಕ್ಯಾಬ್ ನಿಂತಿತು. ಸೊಸೆಯ ತಮ್ಮ. ಅಕ್ಕ ಫೋನಿನಲ್ಲಿ ತಾಯಿಗೆ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು. ಕಣ್ಣು ಕೆಂಡ. "ಯಾವನಕ್ಕ ಅವ್ನು? ನಮ್ಮಕ್ಕನ ಮಗಳು ಬೇಡ ಅಂದ್ರೂ ಎಳೆದು ತೊಡೆ ಮೇಲೆ ಕೂರಿಸ್ಕೋತಾನಾ? ಸ್ಟ್ಯಾಂಡ್ ತೋರ್ಸು, ಕೈ ಮುರೀತೀನಿ."

"ಅವ್ನೂ ತಮಾಷೆಗೆ ಅಂತಾನಪ್ಪ" ಅಂದೆ ನಾನು.

ಅವನು ನನ್ನ ಮುಖ ನೋಡಿದ. ಕೈಯಲ್ಲಿದ್ದ ಕಾರಿನ ಕೀ ಜೇಬಿಗೆ ಹಾಕಿಕೊಂಡ. ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ಅವನು ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತ. ಹಿಂದಿನ ಮಗ್ಗ ಶುರುವಾಯಿತು, ಮನೆ ಅದುರಿತು. ಸೊಸೆ ಒಳಗೆ ಹೋಗಿ ಕಾಫಿ ತಂದು ಕೊಟ್ಟಳು. ನಿಂತೇ ಕುಡಿದ.

ಮಗು ಯೂನಿಫಾರಂ ಹಾಕಿಕೊಂಡು ಹೊರಗೆ ಬಂದು ಮಾವನನ್ನು ನೋಡಿ ನಿಂತಿತು. ಅವನ ಎರಡು ಕೈಯೂ ಲೋಟದ ಸುತ್ತ ಇದ್ದವು. ಕರೆಯಲಿಲ್ಲ, ಹೆಂಡ್ತಿ ಅನ್ನಲಿಲ್ಲ. "ಸ್ಕೂಲಿಗೆ ಹೊತ್ತಾಯ್ತಾ?" ಅಂತ ಕೂಗಿ ಕೇಳಿದ, ಮಗ್ಗದ ಸದ್ದಿಗೆ.

"ಹೂಂ."

"ಕಾರಲ್ಲಿ ಬಿಡ್ಲಾ?"

ಮಗು ಯೋಚನೆ ಮಾಡಿತು. "ಹಿಂದೆ ಕೂರ್ತೀನಿ. ಅಜ್ಜಿ ಬಂದ್ರೆ ಬರ್ತೀನಿ" ಅಂದಿತು.

ಅವನು ಹೋಗಿ ಹಿಂದಿನ ಬಾಗಿಲು ತೆಗೆದು ಹಿಡಿದ. ನನಗೆ ಇನ್ನೂ ತಿಂಡಿ ಆಗಿರಲಿಲ್ಲ. ಮುಸುರೆ ಪಾತ್ರೆ ಹಾಗೇ ಬಿದ್ದಿತ್ತು, ಮಂಡಿ ನೋಯುತ್ತಿತ್ತು, ಯಾರೂ ನನ್ನನ್ನು ಬರುತ್ತೀಯಾ ಅಂತ ಕೇಳಲೂ ಇಲ್ಲ. ಬೈದುಕೊಳ್ಳುತ್ತ ಚಪ್ಪಲಿ ಹುಡುಕಿದೆ.